ಹಿಂಬದಿಯ ನಾಲ್ಕು ಸಾಲು

ಆ ದಿನಗಳಲ್ಲಿ ನಮ್ಮ ಓಣಿಯಲ್ಲಿ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಕಾರ್ಖಾನೆಯ ಭೋಂಗಾ ಕೂಗುತ್ತಿತ್ತು, ನಾವು ಏಳುತ್ತಿದ್ದೆವು. ಮೊದಲ ಭೋಂಗಾಕ್ಕೆ ಅಪ್ಪನ ಸ್ನಾನ ಮುಗಿದಿರಬೇಕು, ಎರಡನೆಯದಕ್ಕೆ ಅವರ ಸೈಕಲ್ಲು ಗೇಟು ದಾಟಿರಬೇಕು, ಮಧ್ಯಾಹ್ನದ್ದಕ್ಕೆ ಅವ್ವನ ಕೊನೆಯ ರೊಟ್ಟಿ ಹಂಚಿನಿಂದ ಇಳಿದಿರಬೇಕು. ಗಂಟೆಯ ಹಂಗಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ನಾನು ಮೂವತ್ತು ವರ್ಷ ಶಾಲೆಗಳಲ್ಲಿ ವೇಳಾಪಟ್ಟಿ ಬರೆದೆ; ಒಂದು ಪಿರಿಯಡ್ಡೂ ಆಚೀಚೆ ಆಗಲು ಬಿಡಲಿಲ್ಲ. ಆ ಅಚ್ಚುಕಟ್ಟುತನ ನನಗೆ ಒಂದೇ ಒಂದು ಸಲ ಮೋಸ ಮಾಡಿತು. ಅದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ನಾಗಪುರದ ಒಂದು ಬೇಸಿಗೆಯಲ್ಲಿ. ನನಗಾಗ ಹದಿನಾಲ್ಕು, ತಂಗಿ ನೀಲಾಗೆ ಹನ್ನೊಂದು.

ಅಲ್ಲಿಯ ಬೇಸಿಗೆಯನ್ನು ಉಂಡವರೇ ಬಲ್ಲರು. ಹತ್ತೂವರೆಗೆಲ್ಲ ಓಣಿ ಖಾಲಿ. ಕಿಟಕಿಗಳಿಗೆ ಒದ್ದೆ ಚಾದರ. ಹೊರಗೆ ಹೋಗಲೇಬೇಕಾದರೆ ಲೂ ಎಂಬ ಬಿಸಿಗಾಳಿ ಬಡಿಯದಿರಲೆಂದು ಜೇಬಿನಲ್ಲೊಂದು ಉಳ್ಳಾಗಡ್ಡಿ. ಮನೆಗೆ ಬಂದವರ ಕೈಗೆ ಮೊದಲು ಪನ್ಹೆ: ಮಾವಿನಕಾಯಿ ಬೇಯಿಸಿ, ಹಿಸುಕಿ, ಬೆಲ್ಲ ಜೀರಿಗೆ ಬೆರೆಸಿದ ಹುಳಿಸಿಹಿ ನೀರು. ಮಧ್ಯಾಹ್ನವಿಡೀ ನಾವಿಬ್ಬರೂ ಹಿಂದಿನ ಕೋಣೆಯ ತಣ್ಣನೆಯ ಫರಸಿಯ ಮೇಲೆ ಹುಣಸೆಬೀಜ ಚೆಲ್ಲಿ ಆಡುತ್ತಿದ್ದೆವು. ತಲೆಯ ಮೇಲೆ ಕೂಲರ್ ಗುಂಯ್ ಎನ್ನುತ್ತಿತ್ತು. ಅದರ ಲಾವಂಚದ ವಾಸನೆ ಇವತ್ತು ಎಲ್ಲಾದರೂ ಮೂಗಿಗೆ ಬಡಿದರೆ ನಾನು ನಿಂತುಬಿಡುತ್ತೇನೆ. ಮೊದಲು ಖುಷಿಯಾಗುತ್ತದೆ. ಹಿಂದೆಯೇ ಬಲಗೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ.

ಕೂಲರಿನ ಸಂಗತಿ ಮೊದಲು ಹೇಳಬೇಕು.

ಅಪ್ಪ ಗದಗಿನ ಕಡೆಯವರು. ಮದ್ದುಗುಂಡಿನ ಕಾರ್ಖಾನೆಯಲ್ಲಿ ಮದ್ದು ತುಂಬುವ ಕಡೆ ಕೆಲಸ. ಅಲ್ಲಿ ಯಾವುದನ್ನೂ ಒಬ್ಬರೇ ಮಾಡುವಂತಿರಲಿಲ್ಲ. ಒಬ್ಬ ಹೇಳಬೇಕು, ಇನ್ನೊಬ್ಬ ಅದೇ ಮಾತನ್ನು ತಿರುಗಿ ಹೇಳಬೇಕು, ಆಮೇಲೆ ಕೈ ಮುಟ್ಟಬೇಕು. ಆ ಪದ್ಧತಿಯನ್ನು ಅಪ್ಪ ಮನೆಗೂ ತಂದಿದ್ದರು. ನಮ್ಮ ಕೂಲರ್ ತಗಡಿನದು, ಹಿತ್ತಲಲ್ಲಿ ಕಿಟಕಿಗೆ ಅಂಟಿಕೊಂಡು ಕಬ್ಬಿಣದ ಕಾಲುಗಳ ಮೇಲೆ ನಿಂತದ್ದು. ತುಕ್ಕು ಹಿಡಿಯದಿರಲೆಂದು ಅದರ ತೊಟ್ಟಿಗೆ ಅಪ್ಪ ಪ್ರತಿ ಹೋಳಿ ಮುಗಿದ ಮೇಲೆ ಡಾಂಬರು ಬಳಿಯುತ್ತಿದ್ದರು. ಹಾಗಾಗಿ ಎಷ್ಟು ತಿಳಿನೀರು ಸುರಿದರೂ ಒಳಗೆ ಕಪ್ಪಾಗಿ ಕಾಣುತ್ತಿತ್ತು. ದಿನಾ ನಾಲ್ಕು ಗಂಟೆಗೆ ನಾನು ಹಿತ್ತಲಿಗೆ ಹೋಗಿ ಪಕ್ಕದ ಜಾಳಿಗೆ ಕಳಚಿ, ಕೊಡದಿಂದ ನೀರು ಸುರಿದು, ಜಾಳಿಗೆಗೆ ತುಂಬಿದ ಲಾವಂಚದಿಂದ ಉದುರಿ ಪಂಪಿನ ಬಾಯಿಗೆ ಸಿಕ್ಕಿಕೊಂಡ ಕಡ್ಡಿಗಳನ್ನು ಕೈ ಹಾಕಿ ತೆಗೆಯಬೇಕು. ಪ್ಲಗ್ ಇದ್ದದ್ದು ಒಳಗೆ, ಗೋಡೆಯ ಆಚೆ. ಅದು ನೀಲಾಳ ಕೆಲಸ. ಅವಳು ಪ್ಲಗ್ ಕಿತ್ತು "ಬಂದ್" ಅನ್ನಬೇಕು. ನಾನು "ಬಂದ್" ಎಂದು ತಿರುಗಿ ಹೇಳಿ ಕೈ ಹಾಕಬೇಕು. ನಾನಿದ್ದಲ್ಲಿಂದ ಅವಳು ಕಾಣುತ್ತಿರಲಿಲ್ಲ, ಅವಳ ಕೈಯೂ ಕಾಣುತ್ತಿರಲಿಲ್ಲ. ಕಿಟಕಿಯ ತುಂಬ ಕೂಲರೇ.

ಹಿಂದಿನ ಬೇಸಿಗೆ ಮಗ್ಗುಲ ಓಣಿಯಲ್ಲಿ ಒಬ್ಬ ಹೆಂಗಸು ಕೂಲರಿಗೆ ಕೈ ತಗುಲಿ ತೀರಿಕೊಂಡಿದ್ದಳು. ಅವಳ ಮನೆಯ ಮುಂದೆ ಒಂದು ವಾರ ಯಾರೂ ರೇಡಿಯೋ ಹಚ್ಚಲಿಲ್ಲ. ಆದ್ದರಿಂದ ಅಪ್ಪನ ಪದ್ಧತಿಗೆ ನಾವು ನಗುತ್ತಿರಲಿಲ್ಲ.

ಇನ್ನು ಪತ್ರಿಕೆಯ ಸಂಗತಿ. ನಾಗಪುರದ ನಮ್ಮ ಭಾಗದ ಹತ್ತಿಪ್ಪತ್ತು ಕನ್ನಡ ಮನೆಗಳ ನಡುವೆ 'ಬುತ್ತಿ' ಎಂಬ ಕೈಬರಹದ ಪತ್ರಿಕೆ ಓಡಾಡುತ್ತಿತ್ತು. ವರ್ಷಕ್ಕೆ ಮೂರು ಸಂಚಿಕೆ. ಒಂದೇ ಪ್ರತಿ. ಒಂದು ಮನೆಯಲ್ಲಿ ಎರಡು ದಿನ ಇದ್ದು, ಯಾರದೋ ಸ್ಕೂಟರಿನ ಮೇಲೆ ಊರಂಚಿನ ವಾಡಿಗೆ, ಅಲ್ಲಿಂದ ಊರಾಚೆಯ ಕಾಮಠಿಗೆ, ಫೌಜಿಯವರ ಮನೆಗಳಿಗೆ ಹೋಗಿ, ಸುತ್ತು ಹಾಕಿ ತಿಂಗಳೊಪ್ಪತ್ತಿಗೆ ತಿರುಗಿ ಬರುತ್ತಿತ್ತು. ಕೊನೆಯ ಎಂಟು ಪುಟ ಖಾಲಿ ಬಿಟ್ಟಿರುತ್ತಿದ್ದರು. ಓದಿದವರು ಅಲ್ಲಿ ತಮ್ಮ ಅಭಿಪ್ರಾಯ ಬರೆಯಬೇಕು. ಸಂಪಾದಕರು ದೇಸಾಯಿ ಕಾಕಾ. ರೈಲ್ವೆಯ ಮಾಲು ಆಫೀಸಿನಲ್ಲಿದ್ದು ನಿವೃತ್ತರಾದವರು, ನಮ್ಮಿಂದ ಎರಡು ಓಣಿ ದಾಟಿದರೆ ಅವರ ಮನೆ. ಹುಡುಗರೆಲ್ಲ ಹಿಂದಿ, ಮರಾಠಿ ಶಾಲೆಯವರು. ಕನ್ನಡ ಬಾಯಲ್ಲಿತ್ತು, ಕೈಯಲ್ಲಿರಲಿಲ್ಲ. ಅವರು ಕಾಕಾನ ಮುಂದೆ ಕುಳಿತು ಕಥೆಯೋ ಪದ್ಯವೋ ಬಾಯಲ್ಲಿ ಹೇಳಿದರೆ ಕಾಕಾ ಹಳೆಯ ನೋಟಬುಕ್ಕಿನ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದರು.

ಅದನ್ನು ಅಂದವಾಗಿ ನಕಲು ಮಾಡಿ ಪತ್ರಿಕೆಗೆ ಇಳಿಸುವವಳು ನಾನು. ಅಪ್ಪ ಭಾನುವಾರಕ್ಕೊಂದು ಪುಟದಂತೆ ನನಗೆ ಕನ್ನಡ ಅಕ್ಷರ ತಿದ್ದಿಸಿದ್ದರು. ನಿಜ ಹೇಳಬೇಕೆಂದರೆ ನನಗೆ ಆಗ ಕನ್ನಡ ಓದಲು ಸರಿಯಾಗಿ ಬರುತ್ತಿರಲಿಲ್ಲ, ಬರೆಯಲು ಬರುತ್ತಿತ್ತು. ಒಂದೊಂದು ಅಕ್ಷರವನ್ನೂ ರಂಗೋಲಿಯ ಎಳೆಯಂತೆ ನೋಡಿ ಇಳಿಸುತ್ತಿದ್ದೆ. ಅರ್ಥ ನನ್ನ ಕೆಲಸವಾಗಿರಲಿಲ್ಲ. ಆದರೆ ಎಲ್ಲರೂ ಹೊಗಳುತ್ತಿದ್ದರು, ನಾನು ಹಿಗ್ಗುತ್ತಿದ್ದೆ. ನೀಲಾ ಒಮ್ಮೆ, ಒಂದೇ ಒಂದು ಪುಟ ತಾನೂ ಬರೆಯುತ್ತೇನೆಂದು ಪಕ್ಕಕ್ಕೆ ಬಂದು ಕುಳಿತಳು. ಕಾಗಿ ಕಾಲು ಗುಬ್ಬಿ ಕಾಲು ಅಕ್ಷರಕ್ಕೆ ಇಲ್ಲಿ ಜಾಗ ಇಲ್ಲ ಅಂದೆ. ಅವಳು ಎದ್ದು ಹೋದಳು. ಇಂಥವು ಬೇಕಾದಷ್ಟಿದ್ದವು. ಆ ಯುಗಾದಿಗೆ ನನಗೆ ಹಸಿರು ರೇಷ್ಮೆ ಅಂಚಿನ ಹೊಸ ಲಂಗ, ಅವಳಿಗೆ ನನ್ನ ಹಿಂದಿನ ವರ್ಷದ್ದು. ಗೋಡೆಗೆ ನಾನು ಕೆಂಪು ಪೆನ್ಸಿಲಿನಿಂದ ಅವಳ ವೇಳಾಪಟ್ಟಿ ಬರೆದು ಅಂಟಿಸಿದ್ದೆ: ಆರಕ್ಕೆ ಏಳುವುದು, ಆರೂಕಾಲಿಗೆ ಹಲ್ಲು, ಹೀಗೆ. ತಪ್ಪಿದ ಕಡೆ ಗುಣಾಕಾರದ ಗುರುತು ಹಾಕುತ್ತಿದ್ದೆ. ಯಾರೂ ನನಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ಬೇಡವೆಂದೂ ಹೇಳಲಿಲ್ಲ.

ನಕಲು ಮಾಡುವುದರಲ್ಲೂ ನನ್ನದೇ ಪದ್ಧತಿಗಳಿದ್ದವು. ಮೊದಲು ಎಲ್ಲ ಪುಟಗಳಿಗೂ ಒಂದೇ ಸಲ ಅಂಚು ಎಳೆದು, ಕೆಳಗಡೆ ಬಣ್ಣದ ಬಳ್ಳಿ ಬರೆಯುವುದು; ಬಣ್ಣ ಆರಿದ ಮೇಲೆ ಮಸಿ. ಬಳ್ಳಿಯಲ್ಲಿ ಕಿತ್ತಳೆಹಣ್ಣು ತೂಗುಹಾಕುತ್ತಿದ್ದೆ, ನಮ್ಮೂರು ಸಂತ್ರಾದ ಊರಲ್ಲವೇ. "ಸಂತ್ರಾ ಗಿಡದಾಗ ಬಿಡ್ತಾವವ್ವಾ ಗಿರಿಜಾ, ಬಳ್ಳಿಗೆ ಬಿಡೂದು ಸೌತಿಕಾಯಿ" ಎಂದು ಕಾಕಾ ಚೇಷ್ಟೆ ಮಾಡಿದರೂ ನಾನು ಬಿಡಲಿಲ್ಲ. ಇನ್ನೊಂದು ನಿಯಮ: ಒಂದು ಪದ್ಯಕ್ಕೆ ಒಂದು ಪುಟ. ಮತ್ತೊಂದು: ನಕಲು ಮುಗಿದ ಕಾಕಾನ ಚೀಟಿ ಅವತ್ತೇ ಇದ್ದಿಲ ಒಲೆಗೆ, ಇಲ್ಲದಿದ್ದರೆ ಒಂದನ್ನೇ ಎರಡು ಸಲ ಬರೆದುಬಿಟ್ಟೇನು ಎಂದು. ಅವ್ವನಿಗೂ ಒಲೆ ಹೊತ್ತಿಸಲು ಕಾಗದ ಬೇಕಾಗುತ್ತಿತ್ತು.

ಆ ಬೇಸಿಗೆಯ ಸಂಚಿಕೆಗೆ ಬಂದ ಚೀಟಿಗಳಲ್ಲಿ ಒಂದು ಪದ್ಯವಿತ್ತು. 'ಇಬ್ಬರು' ಎಂದು ಹೆಸರು. ಕೆಳಗೆ 'ಹೆಸರು ಬೇಡ ಅಂದವರು' ಎಂದು ಕಾಕಾನ ಅಕ್ಷರದಲ್ಲಿತ್ತು. ಹನ್ನೆರಡು ಸಾಲು ಬರೆಯುವಷ್ಟರಲ್ಲಿ ನನ್ನ ಪುಟ ಮುಗಿದು ಬಳ್ಳಿ ಶುರುವಾಯಿತು. ಚೀಟಿ ತಿರುವಿದೆ. ಹಿಂಬದಿಯಲ್ಲಿ ಇನ್ನೂ ನಾಲ್ಕು ಸಾಲು. ಮುಂದಿನ ಪುಟ ಆಗಲೇ ಗುರೆಳ್ಳು ಚಟ್ನಿ ಮಾಡುವ ವಿಧಾನದ ಪಾಲಾಗಿತ್ತು. ಹನ್ನೆರಡು ಸಾಲು ಸಾಕೆನಿಸಿತು. ಕಾಕಾನಿಗೆ ತೋರಿಸೋಣವೆಂದರೆ ಅವರು ಕಣ್ಣಿನ ಪೊರೆ ತೆಗೆಸಲು ದವಾಖಾನೆಗೆ ಹೋಗಿದ್ದರು. ಚೀಟಿಯನ್ನು ಮಡಿಚಿ ಒಲೆಯ ಬುಟ್ಟಿಗೆ ಹಾಕಿದೆ. ಒಂದು ಅಳತೆಯ ಕೆಲಸ ಮುಗಿಯಿತು.

ಸಂಚಿಕೆ ತಿರುಗಿ ನಮ್ಮ ಮನೆಗೆ ಬಂದಾಗ ಮೇ ತಿಂಗಳ ನಡುಭಾಗ. ಅವತ್ತು ಭಾನುವಾರ, ಅಪ್ಪ ಮನೆಯಲ್ಲಿದ್ದರು. ಸಂಚಿಕೆಯ ರಟ್ಟಿನ ಮೇಲೆ ಯಾರದೋ ಮನೆಯ ಒಗ್ಗರಣೆಯ ಎಣ್ಣೆ, ಒಳಗೆ ಊದುಬತ್ತಿಯ ವಾಸನೆ. ಕೊನೆಯ ಖಾಲಿ ಪುಟಗಳು ಎಂದಿಗಿಂತ ಹೆಚ್ಚು ತುಂಬಿದ್ದವು. ಗುರೆಳ್ಳು ಚಟ್ನಿಗೆ ಎರಡು ಹೊಗಳಿಕೆ. ಉಳಿದದ್ದೆಲ್ಲ ಆ ಒಂದು ಪದ್ಯದ ಮೇಲೆ. ಅಪ್ಪನಿಗೆ ಕುತೂಹಲವಾಯಿತು. ಪದ್ಯವನ್ನೂ ಅಭಿಪ್ರಾಯಗಳನ್ನೂ ಜೋರಾಗಿ ಓದು, ಓದುವುದೂ ರೂಢಿಯಾಗಲಿ ಎಂದರು. ನಾನು ಬರೆದ ಪದ್ಯವನ್ನು ನನ್ನ ಕಿವಿ ಕೇಳಿದ್ದು ಆಗಲೇ.

ದೊಡ್ಡವಳದು ಹೊಸ ಲಂಗ
ಚಿಕ್ಕವಳದು ಹಳೆಯದು
ದೊಡ್ಡವಳದು ಮೊದಲ ಮಾತು
ಚಿಕ್ಕವಳದು ಉಳಿದದ್ದು

ದೊಡ್ಡವಳು ಕೈ ಇಡುವಳು
ಕಪ್ಪು ನೀರ ಬಾಯಲಿ
ಚಿಕ್ಕವಳು ಕಾದು ನಿಲುವಳು
ಗೋಡೆಯಾಚೆ ನೆರಳಲಿ

ಒಂದೇ ಮಾತು ಅವಳ ಬಳಿ
ಅಂದರೆ ಇಬ್ಬರು ಉಳಿವರು
ಅನ್ನದೆ ಹೋದರೆ ಒಂದು ದಿನ
ಹೊಸ ಲಂಗ ಯಾರು ಉಡುವರು?

ತಡವರಿಸಿ ಓದುವವಳಿಗೆ ಅರ್ಥ ತಡವಾಗಿ ಬರುತ್ತದೆ. ನಾನು ನಿಲ್ಲದೆ ಅಭಿಪ್ರಾಯಗಳಿಗೆ ಹೋದೆ. ರೈಲ್ವೆಯ ಹಿರಿಯರೊಬ್ಬರು ಇದು ಗಡಿಯ ಜಗಳದ ಪದ್ಯ ಎಂದು ಬರೆದಿದ್ದರು: ಇಬ್ಬರು ಹುಡುಗಿಯರೆಂದರೆ ಎರಡು ರಾಜ್ಯ, ಹೊಸ ಲಂಗವೆಂದರೆ ಗಡಿಯ ಊರು. ಅದರ ಕೆಳಗೆ ಬೇರೊಬ್ಬರು ಹಸಿರು ಮಸಿಯಲ್ಲಿ, ಹಾಗಾದರೆ ದೊಡ್ಡವಳು ಯಾರು ಎಂದು ಕೇಳಿದ್ದರು. ಅಪ್ಪ ನಕ್ಕರು. ಕಾಮಠಿಯ ಸುಬೇದಾರರು ಇದು ಕಾವಲಿನ ಪದ್ಯ, ಕಾವಲಿನವನು ಕೂಗದಿದ್ದರೆ ಪಡೆ ಉಳಿಯದು ಎಂದಿದ್ದರು. ಒಬ್ಬರು ಜೀವ ಮತ್ತು ಮಾಯೆ ಎಂದು ಅರ್ಧ ಪುಟ ತುಂಬಿಸಿದ್ದರು. ವಾಡಿಯಿಂದ ಒಬ್ಬ ಹೆಂಗಸು ಸಣ್ಣ ಅಕ್ಷರದಲ್ಲಿ ಎರಡೇ ಸಾಲು ಬರೆದಿದ್ದಳು: ನಮ್ಮಕ್ಕ ತೀರಿಕೊಂಡು ಹನ್ನೆರಡು ವರ್ಷವಾಯಿತು, ಈ ಪದ್ಯವನ್ನು ಎರಡನೆಯ ಸಲ ಓದಲಾರೆ.

ಅಪ್ಪನ ನಗು ನಿಂತಿತು. ಅವ್ವ ಕಾಳು ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಎಂಥಾ ಪದ್ಯನೋ ಏನೋ. ಒಡಹುಟ್ಟಿದಾಕಿ ಸಾಯಲಿ ಅಂತ ಕಾಯೂದು. ಇಂಥಾದ್ದು ಯಾಕ ಬರೀತಾರ?" ಎಂದಳು.

"ಸಾಯಲಿ ಅಂತ ಎಲ್ಲೈತಿ ಅದರಾಗ?" ಎಂದಳು ನೀಲಾ. ಅವಳು ತಲೆ ಎತ್ತಿರಲಿಲ್ಲ. ಹುಣಸೆಬೀಜಗಳನ್ನು ಒಂದರ ಪಕ್ಕ ಒಂದು ಇಡುತ್ತಿದ್ದಳು.

"ಅನ್ನದ ಹೋದರ ಅಂತೈತಲ್ಲ. ಅದರ ಅರ್ಥ ಮತ್ತೇನು?"

ನೀಲಾ ಸಾಲಿಗೆ ಇನ್ನೊಂದು ಬೀಜ ಇಟ್ಟಳು.

ನಾಲ್ಕು ಗಂಟೆಯಾಯಿತು. ಕೊಡ ಎತ್ತಿಕೊಂಡು ಹಿತ್ತಲಿಗೆ ಹೋದೆ. ಫರಸಿ ಕಾದು ಕಾಲು ಸುಡುತ್ತಿತ್ತು. ಜಾಳಿಗೆ ಕಳಚಿದೆ, ನೀರು ಸುರಿದೆ. ನೀರು ಸುತ್ತಿ ಸುತ್ತಿ ನಿಂತು, ಕಪ್ಪಾಗಿ, ನನ್ನ ಮುಖವನ್ನು ತೋರಿಸಿತು. ಕೈ ಚಾಚಿದೆ. ಗೋಡೆಯಾಚೆಯಿಂದ "ಬಂದ್" ಎಂದು ಕೇಳಿಸಿತು. ಆಗ ಪದ್ಯದ ಅರ್ಥ, ಓದಿ ಅರ್ಧ ಗಂಟೆ ಕಳೆದ ಮೇಲೆ, ನನಗೆ ಬಂದು ಮುಟ್ಟಿತು. ಕಪ್ಪು ನೀರು. ಗೋಡೆಯಾಚೆ. ಒಂದೇ ಮಾತು. ಹೊಸ ಲಂಗ.

ನಾನು ತಿರುಗಿ "ಬಂದ್" ಎನ್ನಲಿಲ್ಲ. ಕೈ ನೀರಿನ ಒಂದು ಗೇಣು ಮೇಲೆ ಹಾಗೇ ನಿಂತಿತ್ತು. ಪಂಪು ಸುಮ್ಮನಿತ್ತು, ನಿಜ. ಆದರೆ ಕಡ್ಡಿ ಸಿಕ್ಕಿದಾಗಲೂ ಪಂಪು ಸುಮ್ಮನಿರುತ್ತದೆ. ಕೂಲರಿನ ಫ್ಯಾನೂ ನಿಂತಿತ್ತು. ಆದರೆ ಆ ಹೊತ್ತಿಗೆ ಕರೆಂಟು ಹೋಗುವುದೂ, ತಟ್ಟನೆ ಬರುವುದೂ ದಿನದ ಮಾತಾಗಿತ್ತು. ಕೊಡ ಕೆಳಗಿಟ್ಟು ಒಳಗೆ ಹೋಗಿ ನೋಡಿದೆ. ಪ್ಲಗ್ ಕಿತ್ತಿತ್ತು, ವೈರು ನೆಲದ ಮೇಲೆ ಬಿದ್ದಿತ್ತು.

"ಏನಾತು?" ಎಂದಳು ನೀಲಾ.

"ವಸ್ತ್ರ ಬೇಕಾಗಿತ್ತು" ಎಂದು ಸುಳ್ಳು ಹೇಳಿ ಕೈಯೊರೆಸುವ ಬಟ್ಟೆ ತೆಗೆದುಕೊಂಡು ಹೋದೆ.

ಮರುದಿನ ಕೊಡ ಸೋರುತ್ತದೆಂದು ಒಳಗೆ ಬಂದೆ. ಅದರ ಮರುದಿನ ಬಾಯಾರಿಕೆಯೆಂದು. ಪ್ರತಿ ಸಲವೂ ಪ್ಲಗ್ ಕಿತ್ತೇ ಇತ್ತು. ಅದರಿಂದ ನನಗೆ ಧೈರ್ಯ ಬರಲಿಲ್ಲ. ಪದ್ಯದಲ್ಲಿ 'ಒಂದು ದಿನ' ಎಂದಿತ್ತು. ಯಾವ ದಿನ ಎಂದಿರಲಿಲ್ಲ.

ಅಪ್ಪನಿಗೆ ಹೇಳಬಹುದಿತ್ತು. ಹೇಳಿದರೆ ಅವರು ನೀಲಾಳನ್ನು ಏನು ಮಾಡುತ್ತಾರೋ ಎಂಬ ಭಯ ಒಂದು. ಹೇಳಿದರೆ ಪದ್ಯದ ಮೊದಲ ಸಾಲುಗಳೂ ನಮ್ಮ ಮನೆಯವೇ ಎಂದು ಬಯಲಾಗುತ್ತದಲ್ಲ, ಹೊಸ ಲಂಗದ ಸಾಲು, ಮೊದಲ ಮಾತಿನ ಸಾಲು. ಅವು ನಿಜವೆಂದು ನನಗೆ ಗೊತ್ತಿತ್ತು. ಅವಳ ಜೊತೆ ಊಟಕ್ಕೆ ಕೂರುವುದು ಕಷ್ಟವಾಯಿತು. ಅವಳು ರೊಟ್ಟಿ ಮುರಿಯುವ ಬೆರಳುಗಳನ್ನು ನೋಡುತ್ತ ಕೂರುತ್ತಿದ್ದೆ. ಅದೇ ಸಣ್ಣ ಬೆರಳು, ಉಗುರಿನಲ್ಲಿ ಹುಣಸೆಯ ಕರೆ. ಮಲಗುವಾಗ ಮೊದಲಿನ ಹಾಗೆ ಅವಳ ಕಾಲು ನನ್ನ ಮೇಲೆ ಬಿದ್ದರೆ ಮೆಲ್ಲಗೆ ಎತ್ತಿ ಆಚೆಗಿಡುತ್ತಿದ್ದೆ.

ನಾಲ್ಕನೆಯ ದಿನ ದೇಸಾಯಿ ಕಾಕಾನ ಮನೆಗೆ ಹೋದೆ. ಕಣ್ಣಿನ ಮೇಲೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಕತ್ತಲು ಕೋಣೆಯಲ್ಲಿ ಕುಳಿತಿದ್ದರು. ಹೆಂಡತಿ ಸಂಚಿಕೆಯನ್ನು ಓದಿ ಹೇಳಿದ್ದರಂತೆ.

"ಯಾರ ಪದ್ಯ ಅಂತ ಕೇಳಬ್ಯಾಡ, ಹೇಳಂಗಿಲ್ಲ" ಎಂದರು ನಾನು ಕೂರುವ ಮೊದಲೇ. "ಮಾತು ಕೊಟ್ಟೀನಿ. ಅದಿರಲಿ, ಕೊನೀ ನಾಕು ಸಾಲು ಯಾಕ ಬಿಟ್ಟಿ?"

ಪುಟದಲ್ಲಿ ಜಾಗ ಇರಲಿಲ್ಲ ಎಂದೆ.

ಕಾಕಾ ಕಣ್ಣಿನ ಮೇಲಿನ ಬಟ್ಟೆಯನ್ನು ಸರಿಪಡಿಸಿಕೊಂಡರು. ಹೊರಗೆ ಯಾರೋ ಬರ್ಫದ ಗೋಳಾ ಮಾರುತ್ತ ಗಂಟೆ ಬಾರಿಸಿಕೊಂಡು ಹೋದರು.

"ತಂಗೀ, ಆ ಪದ್ಯ ಅಲ್ಲೇ ತಿರಗತಿತ್ತು."

"ಯಾವ ಕಡೆ ಕಾಕಾ?"

"ಅದ ನೆನಪಿಲ್ಲ ನೋಡು. ಆ ಹುಡುಗಿ ಜಲ್ದಿ ಜಲ್ದಿ ಹೇಳಿದಳು, ನಾ ಜಲ್ದಿ ಜಲ್ದಿ ಬರಕೊಂಡೆ. ಚಲೋ ಇದ್ವು ಅನ್ನೂದಷ್ಟ ನೆನಪೈತಿ. ಚೀಟಿ ತಗೊಂಡು ಬಾ, ಓದಿಸಿ ಹೇಳ್ತೀನಿ."

ಚೀಟಿ ಎಂದೋ ಬೂದಿಯಾಗಿತ್ತು. ತಲೆಗೆ ದುಪಟ್ಟಾ ಸುತ್ತಿಕೊಂಡು ಉರಿಬಿಸಿಲಲ್ಲಿ ತಿರುಗಿ ಬರುವಾಗ ಆ ಹಿಂಬದಿಯನ್ನು ಕಣ್ಣಿಗೆ ತಂದುಕೊಳ್ಳಲು ನೋಡಿದೆ. ಅಕ್ಷರಗಳನ್ನು ಚಿತ್ರದಂತೆ ನೋಡುವವಳು ನಾನು, ಚಿತ್ರ ಉಳಿದಿರಬೇಕಲ್ಲ. ಸಾಲುಗಳ ಉದ್ದ ನೆನಪಾಯಿತು. ಕಾಕಾನ ಮಸಿ ಒಂದು ಕಡೆ ಹರಡಿದ್ದು ನೆನಪಾಯಿತು. ಮೊದಲ ಸಾಲಿನ ಮೊದಲ ಮಾತೂ ನೆನಪಾಯಿತು: 'ಆದರೂ'. ಅದರಾಚೆ ಏನೂ ಇಲ್ಲ. ಓಣಿಯ ತಿರುವಿನಲ್ಲಿ ಬೇವಿನ ಗಿಡದ ಕೆಳಗೆ ನಿಂತು ಆ ಒಂದು ಮಾತಿಗೆ ಏನೇನೋ ಜೋಡಿಸಿ ನೋಡಿದೆ. ಆದರೂ ಅನ್ನುತ್ತಾಳೆ. ಆದರೂ ಅನ್ನುವುದಿಲ್ಲ. ಎರಡೂ ಕೂಡುತ್ತಿದ್ದವು.

ಮೇ ತಿಂಗಳ ಕೊನೆಗೆ ನೌತಪಾ ಬಂತು. ವರ್ಷದಲ್ಲೇ ಅತಿ ಸುಡುವ ಒಂಬತ್ತು ದಿನಗಳಿಗೆ ಅಲ್ಲಿ ಹಾಗನ್ನುತ್ತಾರೆ. ಕಾಗೆಗಳು ಬಾಯಿ ತೆರೆದು ಗೋಡೆಯ ನೆರಳಲ್ಲಿ ಕೂರುತ್ತಿದ್ದವು. ಕೂಲರಿಗೆ ಈಗ ದಿನಕ್ಕೆ ಎರಡು ಸಲ ನೀರು ಬೇಕು, ಅಂದರೆ ಎರಡು ಸಲ ಕೈ ಹಾಕಬೇಕು. ನಾನು ನೆಪ ಹೇಳುವುದನ್ನೂ ಬಿಟ್ಟಿದ್ದೆ. ನೀಲಾ "ಬಂದ್" ಅನ್ನುತ್ತಿದ್ದಳು, ನಾನು ಒಳಗೆ ಬಂದು ಪ್ಲಗ್ ನೋಡಿ, ಹೊರಗೆ ಹೋಗಿ ಕೈ ಹಾಕುತ್ತಿದ್ದೆ. ಅವಳು ಗೋಡೆಗೆ ಒರಗಿ ನಾನು ಬಂದು ಹೋಗುವುದನ್ನು ನೋಡುತ್ತಿದ್ದಳು.

ಒಂದು ದಿನ ನಾಲ್ಕು ಗಂಟೆಗೆ ಹೊರಗೆ ಎಂದಿನಂತೆ ಕಾದೆ. ಅವ್ವ ಪಕ್ಕದ ಮನೆಯವರ ಜೊತೆ ಹಪ್ಪಳ ಒತ್ತಲು ಹೋಗಿದ್ದಳು. ಅಪ್ಪ ಕಾರ್ಖಾನೆಯಲ್ಲಿ. ಫ್ಯಾನಿನ ಗುಂಯ್ ಎಂಬ ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ನೀರು ಕಪ್ಪಗೆ ನಿಂತಿತು. ಒಳಗಿನಿಂದ ಏನೂ ಕೇಳಿಸಲಿಲ್ಲ.

ನಾನು ಕಾದೆ. ಕತ್ತಿನ ಬೆವರು ಬೆನ್ನಿಗಿಳಿಯಿತು. ಕೈ ನನ್ನದೇ ಆದರೂ ನನ್ನದಲ್ಲವೆಂಬಂತೆ ನೀರಿನ ಮೇಲೆ ತೂಗುತ್ತಿತ್ತು.

"ನೀಲಾ" ಎಂದೆ.

ಉತ್ತರವಿಲ್ಲ.

"ನೀಲಾ, ಬಂದ್ ಐತೇನು?"

ಉತ್ತರವಿಲ್ಲ. ಆ ದಿನ ಬಂತು ಎಂದುಕೊಂಡೆ. ಹೆದರಿಕೆಗಿಂತ ಮೊದಲು ಬಂದದ್ದು ಒಂದು ಬಗೆಯ ಸಮಾಧಾನ, ಕೊನೆಗೂ ಗೊತ್ತಾಯಿತಲ್ಲ ಎಂದು. ಇವತ್ತಿಗೂ ಅದನ್ನು ನೆನೆದರೆ ನನಗೇ ನಾಚಿಕೆ. ಒಳಗೆ ಹೋದೆ.

ಕೋಣೆ ಅರೆಗತ್ತಲು. ನೀಲಾ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಕಿತ್ತ ಪ್ಲಗ್ ಅವಳ ಎರಡೂ ಕೈಗಳ ನಡುವೆ, ಎದೆಗೆ ಒತ್ತಿಕೊಂಡಂತೆ ಇತ್ತು. ವೈರು ಕಿಟಕಿಯವರೆಗೆ ಬಿಗಿದಿತ್ತು.

"ತಗದೀಯಲ್ಲ" ಎಂದೆ. "ಮತ್ತ ಅನ್ನಲಿಲ್ಲ ಯಾಕ?"

"ಅಂದರ ನೀ ಕೈ ಹಾಕತಿದ್ದೇನು?"

ನನ್ನ ಕಣ್ಣು ಮತ್ತೆ ಪ್ಲಗ್ಗಿನ ಮೇಲೆ ಹೋಯಿತು.

"ದಿನಾ ಅಂತೀನಿ. ದಿನಾ ಬಂದು ನೋಡ್ತಿ. ಅದಕ್ಕ ಇವತ್ತ ಅನ್ನಲಿಲ್ಲ. ಬಾ, ನೋಡು, ಬರೋಬರ್ ನೋಡು." ಅವಳು ಪ್ಲಗ್ಗನ್ನು ನನ್ನ ಮುಖದ ಹತ್ತಿರ ಹಿಡಿದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನಾನು ದೊಡ್ಡವಳಾಗಿ ಏನಾದರೂ ಮಾಡಬಹುದಿತ್ತು.

"ಆ ಪದ್ಯ ನಿಂದ ಅಲ್ಲೇನು?" ಎಂದೆ.

"ನಂದ. ಕೊನೀದು ಯಾಕ ಬರೀಲಿಲ್ಲ?"

"ಜಾಗಾ ಇರಲಿಲ್ಲ."

"ಜಾಗಾ ಇರಲಿಲ್ಲ" ಎಂದು ಅವಳು ತಿರುಗಿ ಹೇಳಿದಳು, ಅಪ್ಪನ ಪದ್ಧತಿಯಲ್ಲಿ ಹೇಳಿದಂತೆ.

"ಏನಿತ್ತು ಅದರಾಗ? ಹೇಳು."

"ನೀನ ಓದೀಯಲ್ಲ."

"ಓದಲಿಲ್ಲ ನೀಲಾ. ಎಷ್ಟು ಸಾಲು ಅಂತ ಅಷ್ಟ ನೋಡಿದೆ."

ಅವಳು ನನ್ನನ್ನು ನೋಡಿದ ರೀತಿಯನ್ನು ಬರೆಯಬೇಕಾಗುತ್ತದೆಂದೇ ಇಷ್ಟು ವರ್ಷ ನಾನು ಈ ನೆನಪನ್ನು ಮುಟ್ಟಿರಲಿಲ್ಲ. ಈಗಲೂ ಬರೆಯಲು ಆಗುತ್ತಿಲ್ಲ. ಪ್ಲಗ್ಗನ್ನು ನೆಲದ ಮೇಲಿಟ್ಟಳು, ಎಸೆಯಲಿಲ್ಲ. ಹೊರಗೆ ಹೋಗಿ ಜಗುಲಿಯ ಬಿಸಿಲಲ್ಲಿ ಕುಳಿತಳು. ನಾನು ಹಿತ್ತಲಿಗೆ ಹೋಗಿ ಕಡ್ಡಿ ತೆಗೆದೆ. ಆ ದಿನ ನೀರು ಬೆಚ್ಚಗಿತ್ತು.

ಅವತ್ತಿನಿಂದ ಆ ಕೆಲಸವನ್ನು ನಾನೊಬ್ಬಳೇ ಮಾಡತೊಡಗಿದೆ. ಒಳಗೆ ಹೋಗಿ ಪ್ಲಗ್ ಕಿತ್ತು, ಕಣ್ಣಾರೆ ನೋಡಿ, ಹೊರಗೆ ಬಂದು ಕೈ ಹಾಕುವುದು. ಅಪ್ಪನಿಗೆ ಗೊತ್ತಾದಾಗ ಅವರು ಒಪ್ಪಲಿಲ್ಲ. "ಇಬ್ಬರು ಮಾಡೂ ಕೆಲಸ ಒಬ್ಬರು ಮಾಡಬಾರದು. ಯಾಕ, ಆಕಿಗೆ ಏನಾಗೇತಿ?" ಎಂದು ಕೇಳಿದರು. ಏನೂ ಆಗಿಲ್ಲ, ನನಗೆ ಬರುತ್ತದೆ ಎಂದೆ. ಅವರು ನಮ್ಮಿಬ್ಬರನ್ನೂ ಒಮ್ಮೆ ನೋಡಿ ಸೈಕಲ್ಲಿನ ಕಡೆ ನಡೆದರು. ಗೋಡೆಯ ವೇಳಾಪಟ್ಟಿಯನ್ನು ನಾನು ಹರಿದುಹಾಕಿದೆ. ನೀಲಾ ಅದನ್ನು ಗಮನಿಸಿದಂತೆ ಕಾಣಲಿಲ್ಲ. ಮುಂದಿನ ವರ್ಷ ಇಬ್ಬರಿಗೂ ಹೊಸ ಲಂಗ ಬಂತು. ಅವಳು ತನ್ನದನ್ನು ಉಟ್ಟಳು, ಚೆನ್ನಾಗಿ ಕಂಡಳು, ಅಷ್ಟೇ. ಆ ನೌತಪಾ ಮುಗಿದು ಜೂನಿನಲ್ಲಿ ಮೊದಲ ಮಳೆ ಬಿದ್ದು ಕೂಲರಿಗೆ ಗೋಣಿತಟ್ಟು ಸುತ್ತಿದಾಗ ನನಗೆ ಕಂಟಕ ಕಳೆಯಿತು ಎನಿಸಿತು. ಯಾರ ಕಂಟಕ ಎಂದು ಆಗ ಕೇಳಿಕೊಳ್ಳಲಿಲ್ಲ. 'ಬುತ್ತಿ'ಗೆ ಅವಳು ಮತ್ತೆಂದೂ ಏನನ್ನೂ ಹೇಳಿ ಬರೆಸಲಿಲ್ಲ.

ನೀಲಾ ಈಗ ರಾಯಪುರದಲ್ಲಿದ್ದಾಳೆ. ಅಜ್ಜಿಯಾಗಿದ್ದಾಳೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಫೋನ್ ಮಾಡುತ್ತೇನೆ. ಬಿಪಿ ಗುಳಿಗೆ, ಸೊಸೆಯ ಕೆಲಸ, ಮೊಮ್ಮಗನ ಹಲ್ಲು, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ನಮ್ಮ ನಡುವೆ ಜಗಳವಿಲ್ಲ. ಯಾವತ್ತೂ ಇರಲಿಲ್ಲ ಎಂದು ಕ್ಷೇಮವಾಗಿ ಹೇಳಬಹುದು. ಹೋದ ವರ್ಷ ಒಂದು ಭಾನುವಾರ ತಡೆಯಲಾರದೆ ಕೇಳಿಯೇಬಿಟ್ಟೆ, ಆ ನಾಲ್ಕು ಸಾಲು ನೆನಪಿದೆಯೇ ಎಂದು. ಯಾವ ಸಾಲು ಎಂದು ಅವಳು ಕೇಳಲಿಲ್ಲ. ನಕ್ಕಳು.

"ಅವು ಒಲ್ಯಾಗ ಹೋದುವಲ್ಲಕ್ಕಾ. ಒಲೀನ ಕೇಳು."

ಆಮೇಲೆ ಕುಕ್ಕರ್ ಕೂಗಿತು, ಫೋನಿಟ್ಟಳು. ಮರೆತಿದ್ದಾಳೋ, ಹೇಳುವುದಿಲ್ಲವೋ ತಿಳಿಯಲಿಲ್ಲ.

ಈಗ ನನ್ನ ಮನೆಯಲ್ಲಿ ಗೋಡೆಯ ಮೇಲೆ ಏಸಿ ಇದೆ. ಅದಕ್ಕೆ ನೀರು ಬೇಡ, ಇಬ್ಬರೂ ಬೇಡ. ಮಿಕ್ಸರ್ ತೊಳೆಯುವ ಮೊದಲು ಪ್ಲಗ್ ಕಿತ್ತು ಎರಡು ಸಲ ನೋಡುತ್ತೇನೆ. ಬೇರೆಯವರ ದನಿಯನ್ನು ನಂಬಿ, ನೋಡದೆ, ಕಪ್ಪು ನೀರಿಗೆ ಕೈ ಹಾಕುತ್ತಿದ್ದ ಹುಡುಗಿಯೊಬ್ಬಳು ಇದ್ದಳೆಂದರೆ ನನಗೇ ನಂಬಿಕೆ ಬರುವುದಿಲ್ಲ. ದಿನಕ್ಕೊಂದು ಸಲ, ಎರಡು ಬೇಸಿಗೆ, ಏನೂ ಯೋಚಿಸದೆ ಹಾಕುತ್ತಿದ್ದಳು.

ದೇಸಾಯಿ ಕಾಕಾ ಹೋದ ಮೇಲೆ ಅವರ ಸೊಸೆ ಹಳೆಯ ಸಂಚಿಕೆಗಳನ್ನು ಹಂಚಿದಾಗ ಆ ಬೇಸಿಗೆಯದು ನನ್ನ ಪಾಲಿಗೆ ಬಂತು. ಕಾಗದ ಹಳದಿಯಾಗಿದೆ, ಮಸಿ ಕಂದಿದೆ, ಬಣ್ಣ ಮಾತ್ರ ಹಾಗೇ ಇದೆ. ಮೊನ್ನೆ ಅದನ್ನು ಮೇಜಿನ ಮೇಲೆ ಬಿಚ್ಚಿ ಅಳತೆಪಟ್ಟಿ ತೆಗೆದುಕೊಂಡು ಅಳೆದೆ. ಮೊದಲು ಒಂದು ಸಾಲಿನ ಎತ್ತರ, ಆಮೇಲೆ ಪುಟದ ಕೆಳಗಿನ ಬಳ್ಳಿಯ ಎತ್ತರ, ಕಿತ್ತಳೆಹಣ್ಣು ಸೇರಿಸಿ. ಎರಡು ಸಲ ಅಳೆದೆ.

ಬಳ್ಳಿ ಇರುವ ಕಡೆ ಸರಿಯಾಗಿ ನಾಲ್ಕು ಸಾಲು ಹಿಡಿಸುತ್ತಿದ್ದವು.